ಮಾವನ ಅಡುಗೆಮನೆಯ ಜಾರುಗೋಡೆ

ಮೇಸ್ತ್ರಿ ಬೆಳಿಗ್ಗೆ ಮಾವನ ಅಡುಗೆಮನೆ ಗೋಡೆಗೆ ಅಂಟಿಸಿದ್ದ ಟೈಲ್ಸ್ ಸಾಲು, ಅವನು ಹೊರಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಒಂದು ಬೆರಳಿನಷ್ಟು ಕೆಳಗಿಳಿದಿತ್ತು. ಟೈಲ್ಸಿಗೇನು ಕಾಲಿದೆಯೇ, ತಾನಾಗಿ ಇಳಿಯಲು? ಮೇಸ್ತ್ರಿ ಕಣ್ಣುಜ್ಜಿಕೊಂಡು ರಸಮಟ್ಟ ಹಿಡಿದು ನೋಡಿದ. ಗುಳ್ಳೆ ನಡುವೆ ನಿಲ್ಲದೆ ಮೂಲೆಗೆ ಹೋಗಿ ಮುನಿಸಿಕೊಂಡು ಕೂತಿತು.

ಬೇರೆಯವರ ಮನೆಯಾಗಿದ್ದರೆ ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಇದು ಮಾವನ ಮನೆ. ಮಾವ ಮೇಲೊಂದು ಮಹಡಿ ಕಟ್ಟಿಸುವವರಿದ್ದರು, ಆ ಗುತ್ತಿಗೆಯ ಮೇಲೆ ಇಬ್ಬರು ಅಳಿಯಂದಿರ ಕಣ್ಣೂ ಇತ್ತು. ದೊಡ್ಡ ಅಳಿಯನ ಹತ್ತಿರ ಜೀಪು, ವಿಸಿಟಿಂಗ್ ಕಾರ್ಡು ಮತ್ತು ಎರಡು ಫೋನು ಇದ್ದವು. ಚಿಕ್ಕ ಅಳಿಯನಾದ ನಮ್ಮ ಮೇಸ್ತ್ರಿಯ ಹತ್ತಿರ ಕರಣೆ ಮತ್ತು ಮಾತು ಇದ್ದವು.

"ಒಂದು ಅಡುಗೆಮನೆ ಮಾಡಿ ತೋರಿಸಿ ಅಳಿಯಂದಿರೇ. ಸಂಜೆಯೊಳಗೆ ಗೋಡೆ ಮುಗಿದ್ರೆ ಮಹಡಿ ಕೆಲಸ ನಿಮ್ದು. ಇಲ್ಲಾಂದ್ರೆ ದೊಡ್ಡವರಿಗೆ ಒಂದು ಫೋನ್ ಹಾಕ್ತೀನಿ" ಎಂದು ಮಾವ ಮೊದಲೇ ಹೇಳಿದ್ದರು. ಮಾವ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದವರು. ನಿವೃತ್ತರಾದ ಮೇಲೆ ಮನುಷ್ಯರನ್ನು ಓದಲು ಶುರುಮಾಡಿದ್ದರು.

ಮೇಸ್ತ್ರಿ ಟೈಲ್ಸನ್ನು ಅಂಗೈಯಿಂದ ಮೇಲೆ ತಳ್ಳಿದ. ಅದು ವಿಧೇಯವಾಗಿ ಮೇಲೆ ಹೋಯಿತು. ಕೈ ತೆಗೆದ. ಅಷ್ಟೇ ವಿಧೇಯವಾಗಿ ಕೆಳಗೆ ಬಂತು.

ಅವನ ಕೆಲಸದ ರೀತಿಯೇ ಬೇರೆ. ಎಲ್ಲರೂ ಕೆಳಗಿನಿಂದ ಟೈಲ್ಸ್ ಹಾಕಿಕೊಂಡು ಹೋದರೆ ಇವನು ಮೇಲಿನಿಂದ ಬರುತ್ತಿದ್ದ. ಹಾಗೆ ಮಾಡಿದರೆ ಕಣ್ಣಿನ ಮಟ್ಟಕ್ಕೆ ಇಡೀ ಟೈಲ್ಸ್ ಬರುತ್ತದೆ, ಕತ್ತರಿಸಿದ ತುಂಡುಗಳೆಲ್ಲ ಕೆಳಗೆ ಮರೆಯಾಗುತ್ತವೆ. ಅಂಟು ಕಲಸಲು ಅಳತೆಯ ಪಾತ್ರೆ ಇಟ್ಟುಕೊಂಡವನೂ ಅಲ್ಲ. ಅವನ ಬಕೆಟ್ಟಿನ ಒಳಗೆ ಮೊಳೆಯಿಂದ ಗೀಚಿದ ಒಂದು ಗೆರೆ ಇತ್ತು. ಒಂದು ಚೀಲ ಅಂಟಿನ ಪುಡಿಗೆ ಗೆರೆಯವರೆಗೆ ನೀರು, ಅಷ್ಟೇ ಲೆಕ್ಕ. ಚೀಲದ ಮೇಲೆ ಬರೆದದ್ದನ್ನು ಓದಿ ಕಲಸುವವರು ಕೆಲಸ ಬಾರದವರು ಎಂಬುದು ಅವನ ಖಚಿತ ಅಭಿಪ್ರಾಯ.

"ಏನದು, ಗೋಡೆ ನೆಕ್ಕಿದ ಹಾಗೆ ನಿಂತಿದ್ದೀರಿ?" ಪಕ್ಕದ ಮನೆಯ ಪೋಸ್ಟ್‌ಮಾಸ್ಟರು ಕಿಟಕಿಯಿಂದ ತಲೆ ಹಾಕಿದರು. ಅವರೂ ನಿವೃತ್ತರು, ಅವರಿಗೂ ಹೊತ್ತು ಹೋಗುತ್ತಿರಲಿಲ್ಲ.

"ಸುಮ್ನೆ ಸಾರ್. ಗಟ್ಟಿ ಆಯ್ತಾ ಅಂತ ನೋಡ್ತಿದ್ದೆ."

"ಕೈ ತೆಗೀರಿ ನೋಡೋಣ."

ಮೇಸ್ತ್ರಿ ಕೈ ತೆಗೆಯಲಿಲ್ಲ. ಪೋಸ್ಟ್‌ಮಾಸ್ಟರಿಗೆ ಎಲ್ಲ ಅರ್ಥವಾಯಿತು. ಕರೆಯದೇ ಒಳಗೆ ಬಂದರು, ಬರುವಾಗ ಎದುರುಮನೆ ನರ್ಸಮ್ಮನನ್ನೂ ಕೂಗಿಕೊಂಡೇ ಬಂದರು. ನರ್ಸಮ್ಮ ಗೋಡೆಗೆ ಹಿಂಗೈ ಇಟ್ಟು ಜ್ವರ ನೋಡಿದರು.

"ಮೂವತ್ತು ವರ್ಷದ ಒಗ್ಗರಣೆ ಎಣ್ಣೆ ಕುಡಿದ ಗೋಡೆ ಇದು. ಜಾರದೆ ಇನ್ನೇನು ಮಾಡುತ್ತೆ?" ಎಂದರು.

"ಎಣ್ಣೆ ಅಲ್ಲಮ್ಮ, ಅಂಟು ಒಣಗ್ಬಿಟ್ಟಿದೆ. ಇನ್ನೊಂದು ಚೊಂಬು ನೀರು ಹಾಕಿ" ಎಂದರು ಪೋಸ್ಟ್‌ಮಾಸ್ಟರು. ಅಂಚೆಚೀಟಿಯೂ ಒದ್ದೆ ಮಾಡಿದರೇ ಅಂಟುವುದು ಎಂಬುದು ಅವರ ಅನುಭವ.

ಎರಡೂ ಕೈ ಗೋಡೆಗೆ ಒಪ್ಪಿಸಿ ನಿಂತವನಿಗೆ ವಾದ ಮಾಡಲು ಬಲ ಎಲ್ಲಿಂದ ಬರಬೇಕು? ಅವನು ಬೇಡ ಬೇಡ ಅನ್ನುವಷ್ಟರಲ್ಲಿ ಪೋಸ್ಟ್‌ಮಾಸ್ಟರು ನೀರು ಸುರಿದು, ಕೋಲಿನಿಂದ ತಿರುವಿ, ಅಂಟನ್ನು ಗಂಜಿ ಮಾಡಿಟ್ಟರು. ಅದರಲ್ಲಿ ಹಾಕಿದ ಎರಡನೇ ಸಾಲು ಮೊದಲನೆಯದಕ್ಕಿಂತ ಚುರುಕಾಗಿ ಇಳಿಯಿತು. ನರ್ಸಮ್ಮ ಒಣಗಲೆಂದು ಫ್ಯಾನ್ ತಂದಿಟ್ಟರು. ಖಾಲಿ ಚೀಲಕ್ಕೆ ಅಂಟಿದ್ದ ಪುಡಿ ಎದ್ದು ಎಲ್ಲರ ತಲೆಯೂ ಒಂದೇ ವಯಸ್ಸಿನದಾಯಿತು. ಮೇಸ್ತ್ರಿಯ ಹೆಂಡತಿ ಓಡಿಬಂದು ಫ್ಯಾನ್ ಆರಿಸಿ, ಜಾರುತ್ತಿದ್ದ ಮೂಲೆಯನ್ನು ಸೆರಗು ಸಿಕ್ಕಿಸಿಕೊಂಡು ಹಿಡಿದಳು. ಪೋಸ್ಟ್‌ಮಾಸ್ಟರು ನಡುವೆ ಹಿಡಿದರು. ನರ್ಸಮ್ಮ ಕಿಟಕಿ ಪಕ್ಕ ಹಿಡಿದರು.

ಮಾವ ಬಂದಾಗ ನಾಲ್ಕು ಜನ ಸಾಲಾಗಿ ಗೋಡೆಗೆ ಕೈಯೂರಿ ನಿಂತಿದ್ದರು.

"ಗೋಡೆ ಆಚೆ ತಳ್ತಿದ್ದೀರಾ? ಅಡುಗೆಮನೆ ದೊಡ್ಡದು ಮಾಡೋಕಾ?" ಎಂದು ಮಾವ ಶಾಂತವಾಗಿ ಕೇಳಿದರು.

ಒಂದು ಟೈಲ್ಸ್ ಉತ್ತರ ಕೊಟ್ಟಿತು. ಅದು ಪೋಸ್ಟ್‌ಮಾಸ್ಟರ ಬೆರಳ ಸಂದಿಯಿಂದ ನುಸುಳಿ ಮಾವನ ಕಾಲ ಬಳಿ ಬಿದ್ದು ಚೂರಾಯಿತು.

ಮಾವ ಚೂರನ್ನು ನೋಡಿದರು, ಗಂಜಿಯನ್ನು ನೋಡಿದರು, ಜೇಬಿನಿಂದ ಫೋನ್ ತೆಗೆದು ದೊಡ್ಡ ಅಳಿಯನ ನಂಬರ್ ಮೇಲೆ ಹೆಬ್ಬೆರಳು ಇಟ್ಟುಕೊಂಡರು.

"ಅಳಿಯಂದಿರೇ, ನಿಜ ಹೇಳಿ. ಚೀಲದಿಂದ ಪುಡಿ ತೆಗೆದಿಟ್ಟುಕೊಂಡು ಅದರ ಬದಲು ನೀರು ಸೇರಿಸಿದ್ರಾ?"

ಮೇಸ್ತ್ರಿಯ ಮುಖಕ್ಕೆ ರಕ್ತ ನುಗ್ಗಿತು. ಕೆಲಸ ಕೆಟ್ಟಿದೆ ಅನ್ನಲಿ, ಕೈ ಕೆಟ್ಟಿದೆ ಅಂದರೆ ಹೇಗೆ ತಡೆದುಕೊಳ್ಳುವುದು? ಅದೂ ಹೆಂಡತಿಯ ಎದುರಿಗೆ!

"ಕದ್ದ ಪುಡಿ ತಿನ್ನೋಕಾಗುತ್ತಾ ಮಾವ? ಚೀಲ ಬಿಚ್ಚಿದ್ದು ನಿಮ್ಮ ಮುಂದೇನೇ. ಹೊಲಿಗೆ ಬಿಚ್ಚದ ಚೀಲ ಇನ್ನೊಂದಿದೆ. ಇಪ್ಪತ್ತು ಕೆಜಿ ಇರಬೇಕು, ಕಮ್ಮಿ ಇದ್ರೆ ಕದ್ದೋನು ಚೀಲ ತುಂಬಿದವನು. ತೂಗಿಸಿ! ನನ್ನ ತಪ್ಪಿದ್ರೆ ನಾನೇ ಷಡ್ಡಕನಿಗೆ ಫೋನ್ ಮಾಡಿ ಕರೀತೀನಿ!"

ನರ್ಸಮ್ಮ ಮನೆಯಿಂದ ತೂಕದ ಮೆಷಿನ್ ತಂದರು. ಅದು ಮನುಷ್ಯರನ್ನು ತೂಗುವಂಥದ್ದು, ಚೀಲ ಇಟ್ಟರೆ ಮುಳ್ಳೇ ಕಾಣುತ್ತಿರಲಿಲ್ಲ. ಹಾಗಾಗಿ ಮೇಸ್ತ್ರಿಯೇ ಹತ್ತಬೇಕಾಯಿತು.

"ಚಪ್ಪಲಿ ಬಿಡಿ. ಉಸಿರು ಎಳ್ಕೋಬೇಡಿ. ಎಪ್ಪತ್ತೊಂಬತ್ತು" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ ನರ್ಸಮ್ಮ, "ಸಕ್ಕರೆ ಕಡಿಮೆ ಮಾಡಿ" ಎಂದು ಸೇರಿಸಿದರು. "ಈಗ ಚೀಲ ಎತ್ಕೊಳ್ಳಿ. ತೊಂಬತ್ತಾರು."

ಜೀವಮಾನವೆಲ್ಲ ಪಾರ್ಸಲ್ ತೂಗಿದ ಪೋಸ್ಟ್‌ಮಾಸ್ಟರಿಗೆ ಕಳೆಯಲು ಕಾಗದ ಬೇಕಾಗಲಿಲ್ಲ. "ಹದಿನೇಳು!" ಎಂದರು.

ಮಾವ ಕನ್ನಡಕ ಏರಿಸಿಕೊಂಡು ಚೀಲವನ್ನು ಮೀಟರಿನಂತೆ ಓದಿದರು. ಅದೇ ಚೀಲ, ಅದೇ ಬಣ್ಣ, ಅದೇ ಬೆಲೆ. ಮೇಲೆ ದಪ್ಪಕ್ಷರದಲ್ಲಿ 'ಹೊಸ ರೂಪ, ಇನ್ನೂ ಬಿಗಿಯಾದ ಹಿಡಿತ' ಎಂದಿತ್ತು. ಕೆಳಗೆ ಹೊಲಿಗೆಯ ಮಡಿಕೆಯೊಳಗೆ ಸಾಸಿವೆಯಷ್ಟು ಸಣ್ಣಕ್ಷರದಲ್ಲಿ 'ನಿವ್ವಳ ತೂಕ 17 ಕೆಜಿ' ಎಂದಿತ್ತು.

"ಅಯ್ಯೋ ಕಳ್ಳರಾ!" ಎಂದರು ನರ್ಸಮ್ಮ. "ಸೋಪಿನ ಬಿಲ್ಲೆ ಹೊಟ್ಟೆ ಒಳಗೆ ಎಳ್ಕೊಂಡು ಸಣ್ಣಗಾದಾಗಲೇ ಅಂದ್ಕೊಂಡೆ. ಬಿಸ್ಕತ್ತು ಪೊಟ್ಟಣದಲ್ಲಿ ಗಾಳಿ, ಈಗ ಇದರಲ್ಲೂನಾ?"

"ಮೂರು ಕೆಜಿ ಪುಡಿ ಕಮ್ಮಿ, ನೀರು ಮಾತ್ರ ಅಷ್ಟೇ. ನಿಲ್ಲುತ್ತಾ ಟೈಲ್ಸ್? ಪಾಪ, ನಮ್ಮ ಮೇಸ್ತ್ರಿದೇನೂ ತಪ್ಪಿಲ್ಲ" ಎಂದು ಪೋಸ್ಟ್‌ಮಾಸ್ಟರು ತೀರ್ಪು ಕೊಟ್ಟರು. ತಾವು ಸುರಿದ ಚೊಂಬಿನ ವಿಷಯ ಅವರು ಎತ್ತಲಿಲ್ಲ.

ಮಾವ ಹೆಬ್ಬೆರಳು ಎತ್ತಿದರು. ಫೋನ್ ಜೇಬಿಗೆ ಹೋಯಿತು.

"ಅನ್ನಬಾರದ ಮಾತು ಅಂದೆ, ಮನಸ್ಸಿಗೆ ಹಚ್ಕೋಬೇಡಿ. ಇವರಿಬ್ಬರ ಮುಂದೇನೇ ಹೇಳ್ತಿದ್ದೀನಿ, ಮಹಡಿ ಕೆಲಸ ನಿಮ್ದೇ" ಎಂದರು.

ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವನಿಗಿಂತ ಹೆಚ್ಚು ಸಂತೋಷವಾದದ್ದು ಹೆಂಡತಿಗೆ. ಆ ಸಂತೋಷದಲ್ಲಿ ಅವಳು ಬಾಯಿ ತೆರೆದಳು.

"ನೋಡಪ್ಪ, ಅದಕ್ಕೇ ಇವರಿಗೆ ಬೆನ್ನುನೋವು ಹೋಗಿದ್ದು! ಚೀಲ ಹೂವಿನ ಹಾಗೆ ಎತ್ತುತ್ತೀನಿ, ವಯಸ್ಸು ಹಿಂದಕ್ಕೆ ಹೋಗ್ತಿದೆ ಅಂತ ಒಂದು ವರ್ಷದಿಂದ ಹೇಳ್ತಾನೇ ಇದ್ರು. ನಾನು ಎಣ್ಣೆ ತಿಕ್ಕಿದ್ದಕ್ಕೆ ಅಂದ್ಕೊಂಡಿದ್ದೆ!"

ನರ್ಸಮ್ಮ ನಗುತ್ತಿದ್ದವರು ನಿಲ್ಲಿಸಿದರು.

"ಒಂದು ವರ್ಷದಿಂದಾನಾ? ನಮ್ಮ ನಡುಮನೆ ನೆಲಕ್ಕೆ ಟೈಲ್ಸ್ ಹಾಕಿದ್ದು ಹೋದ ಬೇಸಿಗೆಲಿ ಅಲ್ವಾ?"

"ನಮ್ಮ ಮನೇದು ಅದಾದ ಮೇಲೆ" ಎಂದರು ಪೋಸ್ಟ್‌ಮಾಸ್ಟರು ನಿಧಾನವಾಗಿ. "ಮೂಲೆಮನೆಯವರದ್ದು ಮೊನ್ನೆ ಮೊನ್ನೆ."

"ನೆಲಕ್ಕೇನೂ ಆಗಲ್ಲ ಸಾರ್" ಎಂದ ಮೇಸ್ತ್ರಿ ಅವಸರವಾಗಿ. "ಈ ವರ್ಷ ಹಾಕಿದ್ದೆಲ್ಲ ನೆಲಾನೇ. ಗೋಡೆದಾದ್ರೆ ಜಾರುತ್ತೆ. ನೆಲದ್ದು ಜಾರಿ ಎಲ್ಲಿಗೆ ಹೋಗುತ್ತೆ?"

"ಜಾರಲ್ಲ. ಆದ್ರೆ ಹಿಡ್ಕೊಂಡಿದೆಯಾ?" ಎಂದರು ಮಾವ.

ನರ್ಸಮ್ಮ ಆಗಲೇ ಹೊರಟಿದ್ದರು. ಹೋಗುವಾಗ ಮಾವನ ಲಟ್ಟಣಿಗೆಯನ್ನೂ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಎದುರುಮನೆಯಿಂದ ನೆಲ ಕುಟ್ಟುವ ಸದ್ದು ಬಂತು. ಸರಿಯಾಗಿ ಅಂಟಿದ ಟೈಲ್ಸ್ ಠಣ್ ಅನ್ನುತ್ತದೆ. ಇದು ಖಾಲಿ ಡಬ್ಬದಂತೆ ಡೊಬ್ ಡೊಬ್ ಅನ್ನುತ್ತಿತ್ತು. ಪೋಸ್ಟ್‌ಮಾಸ್ಟರು ಓಡಿದರು, ಅವರ ಮನೆಯಿಂದಲೂ ಡೊಬ್ ಎಂದಿತು. ಮೂಲೆಮನೆಗೆ ಯಾರೂ ಹೇಳಿ ಕಳಿಸಿರಲಿಲ್ಲ, ಅಲ್ಲೂ ಕುಟ್ಟಲು ಶುರುಮಾಡಿದರು.

"ಮೇಸ್ತ್ರೀ!" ಪೋಸ್ಟ್‌ಮಾಸ್ಟರು ಕಿಟಕಿಯಲ್ಲಿ ಮತ್ತೆ ಕಾಣಿಸಿಕೊಂಡರು. "ಒಂದು ಟೈಲ್ಸ್ ಅಲ್ಲಾಡಿದ್ರೂ ಇಡೀ ನೆಲ ಪುಕ್ಕಟೆ ಹಾಕ್ಕೊಡ್ತೀನಿ ಅಂತ ನಮ್ಮನೇಲಿ ಊಟ ಮಾಡ್ತಾ ಹೇಳಿದ್ರಲ್ಲ, ನೆನಪಿದೆಯಾ?"

"ಅದನ್ನ ಎಲ್ಲರ ಮನೇಲೂ ಹೇಳ್ತಾರೆ ಸಾರ್!" ಎಂದಳು ಹೆಂಡತಿ ಹೆಮ್ಮೆಯಿಂದ.

ಮೇಸ್ತ್ರಿ ತೂಕದ ಮೆಷಿನ್ ಮೇಲೇ ಕುಸಿದು ಕೂತ. ಮಾವ ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟರು.

"ಯೋಚನೆ ಮಾಡಬೇಡಿ ಅಳಿಯಂದಿರೇ, ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಮಹಡಿ ಕೆಲಸ ನಿಮ್ದೇ. ಈ ಬೀದಿ ಮುಗಿಸ್ಕೊಂಡು ಬನ್ನಿ."