ಹೆಣ್ಣು ನೋಡಲು ಹೋದ ಕವನ ಸಂಕಲನ

ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು ಕವಿತೆಯನ್ನು ಮನಸ್ಸಿನಲ್ಲೇ ಓದಿಕೊಳ್ಳುವುದು ಕ್ಷೇಮ. ಜೋರಾಗಿ ಓದಿದರೆ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ದಾವಣಗೆರೆಯಿಂದ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಹೊಸತು. ವಿಜಯನಗರದಲ್ಲಿ ಮಹಡಿ ಮೇಲೊಂದು ಕೋಣೆ. ಭಾನುವಾರ ಬಂತೆಂದರೆ ಬೆಳಿಗ್ಗೆ ಹೋಟೆಲಿನಲ್ಲಿ "ಒಂದು ಕಾಫಿ" ಎಂದದ್ದು ಬಿಟ್ಟರೆ ಸಂಜೆಯವರೆಗೆ ನನ್ನ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಅಂಥ ಒಂದು ಭಾನುವಾರ ಫುಟ್‌ಪಾತಿನಲ್ಲಿ ನವ್ಯ ಕವಿತೆಗಳ ಅಗ್ಗದ ಸಂಕಲನವೊಂದು ಸಿಕ್ಕಿತು. ತೆಳು ರಟ್ಟು, ಮಾಸಲು ಕಾಗದ; ತೆರೆದರೆ ಅಂಟು ಬಿಟ್ಟು ಹಾಳೆಗಳು ಕೈಗೇ ಬರುತ್ತಿದ್ದವು. ಶಾಲೆಯಲ್ಲಿ ಪ್ರಾಸದ ಪದ್ಯಗಳನ್ನು ಬಾಯಿಪಾಠ ಮಾಡಿದ್ದ ನನಗೆ, ಇಲ್ಲಿ ಯಾರೋ ನನ್ನ ಹಾಗೇ ಬಸ್ಸಿಗೆ ಕಾಯುತ್ತ, ಬೇಸರಪಡುತ್ತ ಮಾತಾಡುವುದು ಕಂಡು ಆಶ್ಚರ್ಯವಾಯಿತು. ಅರ್ಧ ಅರ್ಥವಾಗಲಿಲ್ಲ. ಆದರೂ ಜೊತೆಗೊಬ್ಬರು ಸಿಕ್ಕ ಹಾಗಾಗಿ, ಜೋರಾಗಿ ಓದತೊಡಗಿದೆ.

ಕೆಳಗಿನ ಮನೆಯ ಓನರ್ ಆಂಟಿ ಬಂದು ಬಾಗಿಲು ಬಡಿದರು.

"ಯಾರಪ್ಪಾ ಒಳಗೆ? ಗೆಸ್ಟ್ ಇಟ್ಕೋಬಾರ್ದು ಅಂತ ಹೇಳಿರ್ಲಿಲ್ವಾ?"

"ಯಾರೂ ಇಲ್ಲ ಆಂಟಿ. ಕವಿತೆ ಓದ್ತಿದೀನಿ."

ಅವರು ಮಂಚದ ಕೆಳಗೂ ಇಣುಕಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಅವರ ಗಾಬರಿ ಇನ್ನೂ ಹೆಚ್ಚಾಯಿತು. "ಒಬ್ಬನೇ ಇದ್ರೆ ಹಿಂಗೆಲ್ಲಾ ಆಗುತ್ತೆ ಕಣಪ್ಪಾ," ಎಂದವರೇ, ಮುಂದಿನ ವಾರ ನಂದಿನಿ ಲೇಔಟ್‌ನಲ್ಲಿದ್ದ ತಮ್ಮ ಪರಿಚಯದ ಹುಡುಗಿಯನ್ನು ನೋಡಲು ನನ್ನನ್ನು ಹೊರಡಿಸಿದರು. ಧೈರ್ಯಕ್ಕಿರಲಿ ಎಂದು ಪುಸ್ತಕವನ್ನೂ ಒಯ್ದೆ.

ಉಪ್ಪಿಟ್ಟು ಮುಗಿಯಿತು. "ಹಾಬೀಸ್ ಏನಪ್ಪಾ?" ಎಂದರು ಹುಡುಗಿಯ ತಂದೆ. ಬಾಯಲ್ಲಿ ಹೇಳಿ ಸುಮ್ಮನಾಗಬಹುದಿತ್ತು. ಎದ್ದು ನಿಂತು ಒಂದು ಇಡೀ ಕವಿತೆ ಓದಿಬಿಟ್ಟೆ. ಸಾವು, ಚರಂಡಿ, ಹದ್ದು ಎಲ್ಲವೂ ಅದರಲ್ಲಿದ್ದವು. "ಶುಭಕಾರ್ಯದ ಹೊತ್ತಲ್ಲಿ ಇದೇನ್ರೀ!" ಎಂದು ಹುಡುಗಿಯ ಅಜ್ಜಿ ಎದ್ದು ಒಳಗೆ ಹೋದರು. ಹುಡುಗಿ ಮಾತ್ರ ಮೊದಲ ಸಲ ತಲೆಯೆತ್ತಿ, "ಅದನ್ನ ಕೊಡ್ತೀರಾ? ಓದಿ ಕೊಡ್ತೀನಿ," ಎಂದಳು. ಬಿಡಿ ಹಾಳೆಗಳನ್ನು ಸರಿಯಾಗಿ ಜೋಡಿಸಿ ಕೊಟ್ಟು ಬಂದೆ. ಆ ವಾರವಿಡೀ ಕೋಣೆ ಅಷ್ಟೇನೂ ಖಾಲಿ ಅನಿಸಲಿಲ್ಲ. ಅವಳೀಗ ಯಾವ ಪುಟದಲ್ಲಿರಬಹುದು ಎಂದು ಊಹಿಸುತ್ತ ಕೂತಿರುತ್ತಿದ್ದೆ.

ವಾರ ಕಳೆದ ಮೇಲೆ ಆಂಟಿ ಮೆಟ್ಟಿಲು ಹತ್ತಿ ಬಂದರು. "ಹುಡುಗಿ ಒಪ್ಪಲಿಲ್ಲ ಕಣಪ್ಪಾ. ಬೇಜಾರ್ ಮಾಡ್ಕೋಬೇಡ."

"ಪುಸ್ತಕ?"

"ಅದು ತುಂಬಾ ಹಿಡಿಸ್ತಂತೆ. ಇಟ್ಕೋತೀನಿ ಅಂದ್ಲು."

ಈಗ ಕೆಂಗೇರಿ ಉಪನಗರದ ಮನೆಯಲ್ಲಿ ಒಬ್ಬನೇ ಇದ್ದೇನೆ. ಪಕ್ಕದ ಮನೆಯವರು "ಮದುವೆ ಯಾಕಾಗಲಿಲ್ಲ ಸಾರ್?" ಎಂದು ಕೇಳಿದಾಗೆಲ್ಲ, ಒಬ್ಬಳಿಗಾದರೂ ನವ್ಯಕಾವ್ಯ ಅರ್ಥ ಮಾಡಿಸಿದವನು ನಾನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಅರ್ಥವಾದದ್ದಕ್ಕೇ ಅವಳು ನನ್ನನ್ನು ಬೇಡವೆಂದಳೋ ಏನೋ ಎಂಬ ಅನುಮಾನ ಮಾತ್ರ ಇನ್ನೂ ಹೋಗಿಲ್ಲ.