ವೆಂಡೆಲ್ ಪ್ರಾಟನಿಗೆ ಎರಡು ಗೆಲುವು ಕಡಿಮೆ

ಈ ವರ್ಷ ತಾತನ ಮತಪತ್ರದಲ್ಲಿ ಒಂದು ಚುಕ್ಕೆಯಷ್ಟೂ ತಪ್ಪಾಗಲು ಬಿಡುವುದಿಲ್ಲ ಎಂದು ಡಿಸೆಂಬರ್ ಒಂದನೇ ತಾರೀಖು ನಾನು ಘೋರ ಪ್ರತಿಜ್ಞೆ ಮಾಡಿದೆ! ಮನಸ್ಸಿನಲ್ಲೇ ಮಾಡಿದೆ. ಜೋರಾಗಿ ಮಾಡುವಷ್ಟು ಧೈರ್ಯ ನನಗಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆಂಬ ಒಂದೇ ಭಯಕ್ಕೆ ಹದಿನಾರಕ್ಕೆ ಶಾಲೆ ಬಿಟ್ಟವಳು ನಾನು. ಆದರೆ ಎಚ್ಚರಿಕೆಯ ವಿಷಯದಲ್ಲಿ ನಮ್ಮೂರಿನಲ್ಲಿ, ಬೇಕಾದರೆ ಸರೋವರದ ಆಚೆ ದಡದ ಕೆನಡಾವನ್ನೂ ಸೇರಿಸಿಕೊಳ್ಳಿ, ನನ್ನನ್ನು ಮೀರಿಸುವವರಿಲ್ಲ. ಒಲೆ ಆರಿಸಿದೆನೇ ಎಂದು ಮೂರು ಸಲ ನೋಡುತ್ತೇನೆ. ಮೂರು ಸಲ ನೋಡಿದೆನೇ ಎಂದು ಇನ್ನೊಮ್ಮೆ ನೋಡುತ್ತೇನೆ.

ತಾತ ಲಿಯೊಪೋಲ್ಡ್ ಗ್ರಾಬೋವ್ಸ್ಕಿ ನಲವತ್ತೊಂದು ವರ್ಷ ಪತ್ರಿಕೆಗೆ ಬೇಸ್‌ಬಾಲ್ ವರದಿ ಬರೆದವನು. ಅಂಥವರಿಗೆ ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಮತಪತ್ರ ಬರುತ್ತದೆ. ನಿವೃತ್ತ ಆಟಗಾರರಲ್ಲಿ ಯಾರು ಹಾಲ್ ಆಫ್ ಫೇಮ್ ಸೇರಿ ಕಂಚಿನ ಫಲಕದಲ್ಲಿ ಅಮರರಾಗಬೇಕು, ಯಾರು ಮನೆಯಲ್ಲಿ ಕೂತು ಮೊಣಕಾಲು ಉಜ್ಜಿಕೊಳ್ಳಬೇಕು ಎಂದು ತೀರ್ಪು ಕೊಡುವ ಕಾಗದ! ನೂರಕ್ಕೆ ಎಪ್ಪತ್ತೈದು ಮತ ಬಿದ್ದವನು ಒಳಗೆ, ಎಪ್ಪತ್ತನಾಲ್ಕೂ ಮುಕ್ಕಾಲು ಬಿದ್ದವನು ಹೊರಗೆ. ಒಬ್ಬ ವರದಿಗಾರ ಒಂದೇ ಕಾಗದದಲ್ಲಿ ಹತ್ತು ಹೆಸರಿನವರೆಗೆ ಗುರುತು ಹಾಕಬಹುದು. ಬರೆಯುವುದು ಬಿಟ್ಟು ಹತ್ತು ವರ್ಷವಾದ ವರದಿಗಾರನಿಗೆ ಮತವಿಲ್ಲ. ಹಾಗಾಗಿ ತಾತನಿಗೆ ಇದೇ ಕೊನೆಯ ಮತ.

ಪಟ್ಟಿಯಲ್ಲಿ ಹತ್ತು ವರ್ಷ ಕಾದೂ ಆಯ್ಕೆಯಾಗದ ಆಟಗಾರನ ಹೆಸರನ್ನೂ ಕಿತ್ತುಹಾಕುತ್ತಾರೆ. ವೆಂಡೆಲ್ ಪ್ರಾಟನಿಗೆ ಇದು ಹತ್ತನೇ ವರ್ಷ.

ವೆಂಡೆಲ್ ನಮ್ಮೂರಿನವನು. ಹದಿನೇಳು ವರ್ಷ ದೊಡ್ಡ ಲೀಗಿನಲ್ಲಿ ಪಿಚರ್ ಆಗಿ ಚೆಂಡೆಸೆದವನು. ನೂರ ತೊಂಬತ್ತೆಂಟು ಪಂದ್ಯ ಗೆದ್ದವನು. ಈಗ ಹಿಮ ತಳ್ಳುವ ಲಾರಿ ಇಟ್ಟುಕೊಂಡಿದ್ದಾನೆ. ತಾತ ಒಂಬತ್ತು ವರ್ಷವೂ ಅವನಿಗೆ ಮತ ಹಾಕಿಲ್ಲ. ಹಾಗೆಂದು ಪ್ರತಿ ವರ್ಷ ಪತ್ರಿಕೆಗೆ ಪತ್ರ ಬರೆದು ಊರಿಗೆಲ್ಲ ಸಾರಿದ್ದಾನೆ. ವೆಂಡೆಲ್ ಒಂಬತ್ತು ವರ್ಷವೂ ನಮ್ಮ ಅಂಗಳದ ಹಿಮವನ್ನು ಪುಕ್ಕಟೆಯಾಗಿ ತೆಗೆದುಕೊಟ್ಟಿದ್ದಾನೆ.

"ಅದು ಹಿಮ ತೆಗೆಯೋದಲ್ಲ, ಲಂಚ!" ಎನ್ನುತ್ತಾನೆ ತಾತ.

"ಒಂಬತ್ತು ವರ್ಷ ಲಂಚ ತಿಂದು ಕೆಲಸ ಮಾಡಿಕೊಡದವನು ನೀನೊಬ್ಬನೇ ಕಣೋ," ಎನ್ನುತ್ತಾಳೆ ಅಜ್ಜಿ ಹೆಡ್ವಿಗ್.

ನನ್ನ ಸಿದ್ಧತೆ ಕೇಳಿ. ಪಟ್ಟಿಯ ಒಬ್ಬೊಬ್ಬ ಆಟಗಾರನ ಸಾಧನೆಯನ್ನೂ ರಟ್ಟಿನ ಚೀಟಿಗಳಲ್ಲಿ ಮುದ್ದಾಗಿ ಬರೆದೆ. ಮುನ್ನೂರ ನಲವತ್ತು ಚೀಟಿಗಳಾದವು! ತಾತನ ಕೈ ನಡುಗುವುದರಿಂದ ಅಸಲಿ ಮತಪತ್ರದಲ್ಲಿ ಗೀಚಾಗಬಾರದೆಂದು, ಅಭ್ಯಾಸಕ್ಕಾಗಿ ಗ್ರಂಥಾಲಯದಲ್ಲಿ ಎರಡು ನಕಲು ಮಾಡಿಸಿದೆ. ತೆಳು ಕಾಗದದ ಮೇಲೆ ಅಭ್ಯಾಸ ಮಾಡಿ ದಪ್ಪ ಕಾಗದದ ಮೇಲೆ ಬರೆದರೆ ಪೆನ್ನು ಹಿಡಿತ ತಪ್ಪೀತೆಂದು, ಅಸಲಿಯಂಥದೇ ದಪ್ಪ ಕೆನೆಬಣ್ಣದ ಕಾಗದ ಹುಡುಕಿ ತಂದೆ. ಗುರುತಿಗಾಗಿ ನಕಲುಗಳ ಮೂಲೆಯಲ್ಲಿ ಪೆನ್ಸಿಲಿನಿಂದ 'ನಕಲು' ಎಂದು ಬರೆದೆ. ಪೆನ್ಸಿಲಿನ ಪುಡಿ ಅಸಲಿಗೆ ತಾಗಿ ಕಲೆಯಾದರೆ? ತಕ್ಷಣ ಅಳಿಸಿಬಿಟ್ಟೆ. ಎಚ್ಚರಿಕೆ ಎಂದರೆ ಇದು!

ತಾತ ನಕಲು ನೋಡಿ ಗುಡುಗಿದ. "ಮತ ಹಾಕೋಕೆ ಅಭ್ಯಾಸ ಯಾಕೆ? ನಾನೇನು ಒಂದನೇ ಕ್ಲಾಸಾ?"

"ಸುಮ್ನೆ ಇಟ್ಟಿರ್ತೀನಿ ತಾತ," ಎಂದು ಮೂರೂ ಕಾಗದಗಳನ್ನು ಉಗ್ರಾಣದ ಕೋಣೆಯಲ್ಲಿಟ್ಟೆ. ನಮ್ಮ ಮನೆಯಲ್ಲಿ ಚಿಲಕ ಸರಿಯಾಗಿ ಬೀಳುವ ಬಾಗಿಲು ಅದೊಂದೇ. ಗುಪ್ತ ಮತದಾನಕ್ಕೆ ಅದಕ್ಕಿಂತ ಪವಿತ್ರ ಜಾಗ ಎಲ್ಲಿದೆ?

ಡಿಸೆಂಬರ್ ಮೂವತ್ತೊಂದು ಬಂತು. ಲಕೋಟೆಯ ಮೇಲೆ ಅಂದಿನ ಅಂಚೆ ಮುದ್ರೆ ಬೀಳಲೇಬೇಕು, ಮಾರನೆಯ ದಿನದ್ದಾದರೆ ಕಸಕ್ಕೆ. ತಾತ ಇನ್ನೂ ನಿರ್ಧರಿಸಿರಲಿಲ್ಲ. ಊಟದ ಮೇಜಿನ ಅರ್ಧ ಭಾಗ ನನ್ನ ಚೀಟಿಗಳು, ಇನ್ನರ್ಧ ಅಜ್ಜಿಯ ಪಿರೋಗಿ ಕಡುಬಿನ ಹಿಟ್ಟು. ಅವಳು ಆಲೂಗಡ್ಡೆ ತುಂಬಿ ಅಂಚು ಮಡಿಸುತ್ತಲೇ ವಾದಕ್ಕಿಳಿದಳು.

"ಹಾರ್ಲನ್ ಬಿಗ್ಸ್! ಐನೂರ ಹನ್ನೆರಡು ಹೋಮ್ ರನ್!" ಎಂದ ತಾತ.

"ಮೈ ಉಬ್ಬಿಸೋ ಮದ್ದಿನ ಸೂಜಿ ಚುಚ್ಚಿಸಿಕೊಂಡು ಹೊಡೆದಿದ್ದು!"

"ಸಾಕ್ಷಿ ಇದೆಯಾ?"

"ಮೂವತ್ತೈದು ದಾಟಿದ ಮೇಲೆ ಅವನ ಟೋಪಿ ಅಳತೆ ಎರಡು ಸಲ ದೊಡ್ಡದಾಯ್ತು. ಆ ವಯಸ್ಸಲ್ಲಿ ಹೊಟ್ಟೆ ಬೆಳೀಬೇಕು ಲಿಯೋ, ತಲೆ ಅಲ್ಲ! ನಿನ್ನನ್ನೇ ನೋಡಿಕೋ."

ತಾತ ಹೊಟ್ಟೆಯನ್ನು ಒಳಗೆಳೆದುಕೊಂಡು ಮುಂದಿನ ಹೆಸರಿಗೆ ಹೋದ. "ಡಾಮಾಸೊ ಕ್ವೆರೊ. ಕೈಗೆ ಬಂದ ಚೆಂಡು ಬಿಟ್ಟವನಲ್ಲ. ಆದ್ರೆ ಬ್ಯಾಟ್ ಹಿಡಿದ್ರೆ ಪೊರಕೆ ಹಿಡಿದ ಹಾಗೆ ಕಾಣ್ತಾನೆ."

"ಮನೆ ಗುಡಿಸೋರಿಗೂ ಒಂದು ಫಲಕ ಇರಲಿ ಬಿಡು. ವೆಂಡೆಲ್ ಕಥೆ ಏನು?"

"ನೂರ ತೊಂಬತ್ತೆಂಟು! ಇನ್ನೂರು ಗೆಲ್ಲದ ಪಿಚರ್‌ಗೆ ನಾನು ಯಾವತ್ತೂ ಮತ ಹಾಕಿಲ್ಲ."

"ಎರಡೇ ಎರಡು ಕಡಿಮೆ!"

"ಎರಡು ಅಂದ್ರೆ ಎರಡೇ!"

ನಾನು ನೂರ ಎಂಬತ್ತನೇ ಚೀಟಿಯನ್ನು ಮೆಲ್ಲಗೆ ತಾತನ ಮುಂದೆ ಸರಿಸಿದೆ. ವೆಂಡೆಲ್ ಹನ್ನೊಂದು ಪಂದ್ಯಗಳನ್ನು ಒಂದು–ಸೊನ್ನೆಯಲ್ಲಿ ಸೋತಿದ್ದ. ಅವನು ಎದುರಾಳಿಗೆ ಒಂದೇ ರನ್ ಕೊಟ್ಟ ದಿನ ಅವನ ತಂಡದ ಮಹಾಶಯರು ಒಂದನ್ನೂ ಹೊಡೆದಿರಲಿಲ್ಲ.

"ನೋಡಿದ್ಯಾ!" ಅಜ್ಜಿ ಲಟ್ಟಣಿಗೆ ಎತ್ತಿದಳು. "ಅವನ ತಂಡದವರು ಮಲಗಿದ್ರೆ ಅವನೇನು ಮಾಡ್ತಾನೆ?"

"ನೆಪ ಕೇಳೋ ಜಾಗ ಅಲ್ಲ ಅದು ಹೆಡ್ವಿಗ್, ಅಮರತ್ವ!" ತಾತ ದಡಕ್ಕನೆ ಎದ್ದು ಉಗ್ರಾಣಕ್ಕೆ ಹೋಗಿ ಚಿಲಕ ಹಾಕಿಕೊಂಡ. ಹತ್ತು ನಿಮಿಷಕ್ಕೆ ಕೆಂಪು ಮುಖದಲ್ಲಿ ಬರಿಗೈಯಲ್ಲಿ ಹೊರಬಂದ.

ಅಷ್ಟರಲ್ಲಿ ಹೊರಗೆ ಲಾರಿಯ ಸದ್ದಾಯಿತು. ವೆಂಡೆಲ್! ಎಂದಿನಂತೆ ಅಂಗಳದ ಹಿಮ ತಳ್ಳಿದ. ಆಮೇಲೆ ಲಾರಿಯಿಂದಿಳಿದು, ಮೊಣಕಾಲುದ್ದ ಹಿಮದಲ್ಲಿ ನಡೆದುಹೋಗಿ, ಅಜ್ಜಿಯ ಮೇರಿ ಮಾತೆಯ ಪ್ರತಿಮೆಯ ತಲೆ, ಭುಜಗಳ ಮೇಲೆ ಕೂತಿದ್ದ ಹಿಮವನ್ನು ಕೈಗವಸಿನಿಂದ ಮೆಲ್ಲಗೆ ಒರೆಸಿದ. ತಾತ ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದ. ಒಮ್ಮೆ ಕೆಮ್ಮಿದ. "ಒಳಗೆ ಏನೋ ಮರೆತೆ," ಎಂದು ಮತ್ತೆ ಉಗ್ರಾಣಕ್ಕೆ ಹೋದ. ಈ ಸಲ ಮಡಿಸಿದ ಕಾಗದ ಹಿಡಿದು ಬಂದ.

"ತಗೋ ಬರ್ನಿ. ಅಂಚೆಗೆ ಹಾಕು. ಯಾರಿಗೆ ಹಾಕಿದೆ ಅಂತ ಯಾರೂ ಕೇಳಬಾರದು."

ನಾನು ಕೇಳುವುದುಂಟೇ? ಮತದ ಗೌಪ್ಯತೆಗೆ ಭಂಗ ಬಾರದಂತೆ ಕಣ್ಣು ಮುಚ್ಚಿಕೊಂಡೇ ಕಾಗದವನ್ನು ಲಕೋಟೆಗೆ ಸೇರಿಸಿ ಅಂಟಿಸಿದೆ. ವಿಳಾಸವನ್ನು ನಾಲ್ಕು ಸಲ ಓದಿದೆ. ಬೀದಿ ಕೊನೆಯ ಅಂಚೆ ಡಬ್ಬಿಗೆ ಹಾಕಿ, ಒಳಗೆ ಬಿತ್ತೇ ಎಂದು ಅದರ ಬಾಯಿ ತೆರೆದು ಇಣುಕಿ ಬಂದೆ. ತಾತ ಗೆಳೆಯರ ಜತೆ ಇಸ್ಪೀಟಿಗೆ ಹೊರಟುಹೋದ.

ಮಧ್ಯಾಹ್ನ ಮೂರೂವರೆಗೆ ಅಜ್ಜಿ ಹಿಟ್ಟು ತರಲು ಉಗ್ರಾಣಕ್ಕೆ ಹೋದವಳು ಕಿರುಚಿದಳು. "ಬರ್ನೀ!"

ಹಿಟ್ಟಿನ ಡಬ್ಬಿಯ ಹಿಂದೆ ತಾತನ ಓದುವ ಕನ್ನಡಕ. ಕನ್ನಡಕದ ಕೆಳಗೆ ಮತಪತ್ರ. ಗುರುತುಗಳೂ ಬಿದ್ದಿದ್ದವು, ಕೆಳಗೆ ತಾತನ ನಡುಗುವ ಸಹಿಯೂ ಇತ್ತು!

"ಹಾಗಾದ್ರೆ ನಾನು ಅಂಚೆಗೆ ಹಾಕಿದ್ದು?"

"ಖಾಲಿ ಕಾಗದ! ಕನ್ನಡಕ ಇಲ್ಲದೆ ಕೈಗೆ ಸಿಕ್ಕಿದ್ದನ್ನ ಮಡಿಸಿ ಕೊಟ್ಟಿದ್ದಾನೆ ಪುಣ್ಯಾತ್ಮ. ಕೊನೇ ಮತ ಕಣೇ ಅವನದು!" ಅಜ್ಜಿ ಕಾಗದವನ್ನು ಬೆಳಕಿಗೆ ಹಿಡಿದು ಓದಿಯೇಬಿಟ್ಟಳು. "ಬಿಗ್ಸ್‌ಗೆ ಹಾಕಿದ್ದಾನೆ. ಕ್ವೆರೊಗೂ ಹಾಕಿದ್ದಾನೆ. ವೆಂಡೆಲ್‌ಗೆ..." ಅವಳ ಮುಖ ಇಳಿಯಿತು. "ಇಲ್ಲ. ಹತ್ತನೇ ವರ್ಷವೂ ಇಲ್ಲ."

ಕಳಿಸದಿದ್ದರೆ ವೆಂಡೆಲ್‌ಗೆ ಒಂದು ವಿರೋಧ ಕಡಿಮೆ. ಕಳಿಸಿದರೆ ತಾತನ ನಲವತ್ತೊಂದು ವರ್ಷಕ್ಕೆ ನ್ಯಾಯ.

"ಅಜ್ಜಿ, ಇದು ತಾತನ ಮತ," ಎಂದೆ.

"ಗೊತ್ತು. ಹೋಗು, ಓಡು!" ಎಂದಳು ಅಜ್ಜಿ, ಏಪ್ರನ್ನಿನಿಂದ ಮೂಗು ಒರೆಸಿಕೊಳ್ಳುತ್ತ.

ಅಂಚೆ ಕಚೇರಿ ಎರಡು ಮೈಲಿ ದೂರ, ನಾಲ್ಕಕ್ಕೆ ಬಾಗಿಲು ಹಾಕುತ್ತದೆ. ನಾನು ಇನ್ನೊಂದು ಲಕೋಟೆಗೆ ಅದನ್ನು ಸೇರಿಸಿ ರಸ್ತೆಗಿಳಿದು ನಾಲ್ಕು ಹೆಜ್ಜೆ ಓಡಿ ಐದನೆಯದಕ್ಕೆ ಬಿದ್ದೆ. ಪಕ್ಕದಲ್ಲಿ ಹಿಮದ ಲಾರಿ ನಿಂತಿತು.

"ಎಲ್ಲಿಗೆ ಓಟ, ಮರಿ?" ವೆಂಡೆಲ್!

ಬೇರೆ ಯಾರಾದರೂ ಬರಬಾರದಿತ್ತೇ? ನಾನು ಲಕೋಟೆಯನ್ನು ಕೋಟಿನೊಳಗೆ ತುರುಕಿ ಹತ್ತಿ ಕೂತೆ. "ಅಂಚೆ ಕಚೇರಿಗೆ. ನಾಲ್ಕರೊಳಗೆ."

"ತಾತನ ಮತವಾ?"

ತಲೆಯಾಡಿಸಿದೆ. ಅವನು ಮುಂದಿನ ಹಲಗೆಯಿಂದ ರಸ್ತೆಯ ಹಿಮ ತಳ್ಳುತ್ತ, ನನಗಾಗಿ ದಾರಿ ಬಿಡಿಸುತ್ತ ಲಾರಿ ಓಡಿಸಿದ. ತನ್ನ ವಿರುದ್ಧದ ಮತಕ್ಕೆ ತಾನೇ ರಸ್ತೆ ಮಾಡಿಕೊಡುತ್ತಿದ್ದ! ಅವನು ನನಗೆ ಚಾಕೊಲೇಟನ್ನೂ ಕೊಟ್ಟ. ಅದನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡೆ. ಜೀವಮಾನದಲ್ಲಿ ಹೊರಗಿನವರೊಡನೆ ಒಮ್ಮೆಗೆ ಆರು ಪದಕ್ಕಿಂತ ಹೆಚ್ಚು ಆಡದ ನಾನು ಅಂಚೆ ಕಚೇರಿಯ ಮುಂದೆ ಒಂದೇ ಉಸಿರಿಗೆ ಒದರಿಬಿಟ್ಟೆ.

"ಇದರಲ್ಲಿ ನಿಮ್ಮ ಹೆಸರಿಲ್ಲ, ನಾನು ಕಣ್ಣಾರೆ ನೋಡಿದೀನಿ, ಸುಳ್ಳು ಹೇಳೋಕೆ ನನಗೆ ಬರಲ್ಲ, ಕ್ಷಮಿಸಿ!"

ವೆಂಡೆಲ್ ಲಾರಿಯ ಎಂಜಿನ್ ಆರಿಸಿದ. ಆಮೇಲೆ ನಕ್ಕ. "ಒಂಬತ್ತು ವರ್ಷದಿಂದ ಓದ್ತಾ ಇದೀನಲ್ಲ. ಎರಡು ಕಡಿಮೆ, ಅಲ್ವಾ? ನಡಿ, ಬಾಗಿಲು ಹಾಕ್ತಿದ್ದಾರೆ."

ಗುಮಾಸ್ತೆ ಮಿಸೆಸ್ ಡಂಕರ್ಲಿ ನಿಜಕ್ಕೂ ಬಾಗಿಲು ಎಳೆಯುತ್ತಿದ್ದಳು. ವೆಂಡೆಲ್ ಜಿಗಿದು ತನ್ನ ದೊಡ್ಡ ಬೂಟನ್ನು ಸಂದಿಗೆ ಕೊಟ್ಟ.

"ಕಾಲು ತೆಗಿ ವೆಂಡೆಲ್, ನಾಲ್ಕಾಯ್ತು!"

"ನಿನ್ನ ಗಡಿಯಾರ ಎರಡು ನಿಮಿಷ ಮುಂದಿದೆ. ಈ ಮಗುವಿನ ಲಕೋಟೆಗೆ ಮುದ್ರೆ ಒತ್ತು."

ಠಪ್! ಡಿಸೆಂಬರ್ ಮೂವತ್ತೊಂದು. ನಾನು ವಿಜಯಿಯಾಗಿ ಮನೆಗೆ ಬಂದೆ. ಸಂಜೆ ತಾತ ಮರಳಿದಾಗ ಎದೆಯುಬ್ಬಿಸಿ ಇಡೀ ಸಾಹಸವನ್ನು ಹೇಳಿದೆ. ಅವನ ಬಾಯಿಯ ಪಿರೋಗಿ ಬಾಯಲ್ಲೇ ಉಳಿಯಿತು.

"ಹಿಟ್ಟಿನ ಡಬ್ಬಿ ಹಿಂದೆ ಇದ್ದಿದ್ದು?"

"ಹೌದು ತಾತ!"

"ಅದು ನಕಲು ಕಣೇ! ಬೆಳಗ್ಗೆ ಕೋಪದಲ್ಲಿ ಗೀಚಿದ್ದು! ನೀನೇ ಅಲ್ವಾ ಅಭ್ಯಾಸ ಮಾಡು ಅಂದಿದ್ದು? ಅಸಲಿ ನಾನು ನಿನ್ನ ಕೈಗೇ ಕೊಟ್ಟೆ!"

"ಮತ್ತೆ ಕನ್ನಡಕ?" ಎಂದಳು ಅಜ್ಜಿ.

"ಎರಡನೇ ಸಲ ಬರೆದಾದ ಮೇಲೆ ಅಲ್ಲೇ ಬಿಟ್ಟೆ. ಇಸ್ಪೀಟಿಗೆ ಕನ್ನಡಕ ಯಾಕೆ, ಎದುರಿನವನ ಮುಖ ನೋಡಿದ್ರೆ ಸಾಕು!" ತಾತ ತಲೆಯ ಮೇಲೆ ಕೈ ಹೊತ್ತ. ಆಮೇಲೆ ತಟ್ಟೆಯನ್ನೇ ನೋಡುತ್ತ ಗೊಣಗಿದ. "ಅದರಲ್ಲಿ ವೆಂಡೆಲ್‌ಗೆ ಹಾಕಿದ್ದೆ."

"ಏನಂದೆ?"

"ಹಾಕಿದ್ದೆ! ಒಂದು–ಸೊನ್ನೆಯಲ್ಲಿ ಹನ್ನೊಂದು ಸಲ ಸೋತು, ಇನ್ನೂ ಮೇರಿ ಮಾತೆ ಮೂಗು ಒರೆಸೋನು... ಆಯ್ತು, ಹಾಕಿದ್ದೆ!"

ಅಜ್ಜಿ ಎದ್ದು ಹೋಗಿ ಅವನ ಬೋಳು ತಲೆಗೆ ಮುತ್ತಿಟ್ಟಳು. ನಾನು ಮೇಜಿನ ಕೆಳಗೆ ತೂರಿಕೊಳ್ಳಲು ಜಾಗ ಹುಡುಕಿದೆ.

ಮತ ಎಣಿಸುವವರು ಜನವರಿ ಐದಕ್ಕೆ ಫೋನ್ ಮಾಡಿದರು. ಒಬ್ಬನೇ ಮತದಾರನಿಂದ ಎರಡು ಮತಪತ್ರ ಬಂದಿವೆ, ಕಾಗದ, ಬಣ್ಣ, ದಪ್ಪ ಎಲ್ಲ ಒಂದೇ. ಯಾವುದು ಅಸಲಿ ಎಂದು ಮೂವರು ಕೂತು ನೋಡಿದರೂ ತಿಳಿಯಲಿಲ್ಲ, ಹಾಗಾಗಿ ಎರಡೂ ರದ್ದು. ಇಷ್ಟು ಚೆನ್ನಾದ ನಕಲನ್ನು ಅವರು ಹಿಂದೆಂದೂ ನೋಡಿರಲಿಲ್ಲವಂತೆ! ನನ್ನ ಕೆಲಸಕ್ಕೆ ಬದುಕಿನಲ್ಲಿ ಸಿಕ್ಕ ಮೊದಲ ಪ್ರಶಸ್ತಿಪತ್ರ ಅದು.

ತಾತ ಮೂರು ವಾರ ನನ್ನೊಡನೆ ಮಾತು ಬಿಟ್ಟ. ಅವನು ಹಾಕಿದ ಒಂದೇ ಒಂದು ಒಳ್ಳೆಯ ಮತ ನನ್ನ ಎಚ್ಚರಿಕೆಯ ಬಾಯಿಗೆ ಬಿದ್ದಿತ್ತು. ವೆಂಡೆಲ್ ಒಂದು ಮತದಿಂದ ಸೋತರೆ ನಾನು ಈ ಊರು ಬಿಟ್ಟು ಈಜಿಕೊಂಡೇ ಕೆನಡಾ ಸೇರಬೇಕಿತ್ತು.

ಫಲಿತಾಂಶದ ಸಂಜೆ ರೇಡಿಯೋದ ಮುಂದೆ ಮೂವರೂ ಉಸಿರು ಬಿಗಿಹಿಡಿದು ಕೂತೆವು. ಎಣಿಸಿದ್ದು ಮುನ್ನೂರ ತೊಂಬತ್ತಾರು ಮತ. ಬೇಕಿದ್ದದ್ದು ಇನ್ನೂರ ತೊಂಬತ್ತೇಳು. ವೆಂಡೆಲ್ ಪ್ರಾಟನಿಗೆ ಬಿದ್ದದ್ದು ಸರಿಯಾಗಿ ಇನ್ನೂರ ತೊಂಬತ್ತೇಳು!

ಅಜ್ಜಿ ಕುಣಿದಳು. ತಾತ ಕುಣಿಯುವುದರ ಹತ್ತಿರಕ್ಕೆ ಬಂದ. ನನಗೆ ಅಳುವೇ ಬಂತು. ಆಗಲೇ ಬಾಗಿಲು ತಟ್ಟಿದ ಸದ್ದು. ಹೊಸ್ತಿಲಲ್ಲಿ ವೆಂಡೆಲ್, ಟೋಪಿ ಕೈಯಲ್ಲಿ, ಕಣ್ಣು ಒದ್ದೆ.

"ಬೀದಿಯವರಿಗೆಲ್ಲ ಹೇಳ್ತಾ ಬಂದೆ ಲಿಯೋ. ನಿನಗೂ ಹೇಳೋಣ ಅಂತ. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ ನಾನು."

ತಾತ ಅವನ ಎರಡೂ ಕೈ ಹಿಡಿದುಕೊಂಡ. "ವೆಂಡೆಲ್, ಕೇಳು. ಈ ಸಲ ನಾನು ನಿನಗೇ ಹಾಕಿದ್ದೆ! ನಿಜವಾಗಲೂ! ಎಣಿಕೆಗೆ ಬರಲಿಲ್ಲ ಅಷ್ಟೇ!"

ವೆಂಡೆಲ್ ಮರುಕದಿಂದ ಅವನ ಭುಜ ತಟ್ಟಿದ. "ಆಗಲಿ ಬಿಡು ಲಿಯೋ. ಗೆದ್ದ ಮೇಲೆ ಎಲ್ಲರೂ ಹಾಗೇ ಅಂತಾರೆ. ನಿನ್ನ ಮತಾನ ನಾನೇ ಅಲ್ವಾ ಅಂಚೆಗೆ ಮುಟ್ಟಿಸಿದ್ದು?"

"ಅವನು ಹೇಳ್ತಿರೋದು ನಿಜ ಕಣೋ!" ಎಂದಳು ಅಜ್ಜಿ.

"ನೀನು ಯಾವಾಗಲೂ ಒಳ್ಳೆಯವಳೇ, ಹೆಡ್ವಿಗ್."

ತಾತ ಕೊನೆಯ ಆಸರೆಗೆಂಬಂತೆ ನನ್ನ ಕಡೆ ತಿರುಗಿದ. ಮೂರು ವಾರದ ನಂತರ ಮೊದಲ ಸಲ ನನ್ನ ಮುಖ ನೋಡಿದ! ನಾನು ಇದ್ದಬದ್ದ ಧೈರ್ಯವನ್ನೆಲ್ಲ ಗುಡ್ಡೆ ಹಾಕಿ ಮುಂದೆ ಬಂದೆ. "ಹೌದು, ನಾನೇ ತಪ್ಪು ಮಾಡಿದ್ದು. ತಾತ ನಿಜವಾಗಲೂ ನಿಮಗೇ..."

ವೆಂಡೆಲ್ ಕೈ ಎತ್ತಿ ನನ್ನನ್ನು ತಡೆದ.

"ಬೇಡ ಮರಿ. ಈ ಊರಲ್ಲಿ ನನಗೆ ಮುಖಕ್ಕೆ ಮುಖ ಕೊಟ್ಟು ನಿಜ ಹೇಳಿದವಳು ನೀನೊಬ್ಬಳೇ. ತಾತನ ಮಾನ ಉಳಿಸೋಕೆ ಅಂತ ಈಗ ಸುಳ್ಳು ಹೇಳೋದು ಕಲೀಬೇಡ."