ಮುಂಗಡ ದೂರು

ಈ ಪ್ರಯಾಣದಲ್ಲಿ ತನ್ನನ್ನು ಯಾಮಾರಿಸುವವನು ಇನ್ನೂ ಹುಟ್ಟಿಲ್ಲ ಎಂದು ಟಿಕೆಟ್ ಬುಕ್ ಆದ ದಿನವೇ ಸೊಸೆ ಮನೆಯವರ ಮುಂದೆ ಘೋಷಿಸಿಬಿಟ್ಟಳು.

ಹೋಗಲೇಬೇಕಾಗಿತ್ತು. ಪರದೇಶದಲ್ಲಿದ್ದ ನಾದಿನಿಗೆ ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿದೆ, ಆಪರೇಷನ್ನೇ ಗತಿ ಎಂದು ಡಾಕ್ಟರು ದಿನ, ಗಂಟೆ ಎರಡನ್ನೂ ಬರೆದುಕೊಟ್ಟಿದ್ದರು. ಒಳಗೆ ಹೋಗುವ ಮುಂಚೆ ಒಂದೇ ಒಂದು ಸಲ ಅಮ್ಮನ ಮುಖ ನೋಡಬೇಕು ಎಂದು ಅವಳು ಫೋನಿನಲ್ಲಿ ಅತ್ತದ್ದೇ ತಡ, ಅತ್ತೆ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದರು. ಗಂಡನಿಗೆ ರಜೆ ಸಿಗಲಿಲ್ಲ. ಅರವತ್ತೆಂಟು ವರ್ಷದ ಅತ್ತೆಯನ್ನು ಗಡಿ ದಾಟಿಸುವ ಮಹತ್ಕಾರ್ಯ ಸೊಸೆಯ ಹೆಗಲಿಗೆ ಬಿತ್ತು. ಸೊಂಟದ ಮೇಲೆ ಎರಡು ವರ್ಷದ ಪುಟ್ಟಿ ಮೊದಲೇ ಇದ್ದಳು.

ಸೊಸೆಯೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಎರಡೆರಡು ಸಲ ಮನೆಗೆ ವಾಪಸು ಓಡುವ ಜೀವ. ಅಂಥವಳು ಹದಿನೈದು ದಿನ ಕೂತು ಪ್ರಯಾಣಿಕರ ಹಕ್ಕುಗಳನ್ನೆಲ್ಲ ಅರೆದು ಕುಡಿದಳು. ವಿಮಾನ ಎಷ್ಟು ತಡವಾದರೆ ಊಟ ಕೊಡಬೇಕು, ಎಷ್ಟು ತಡವಾದರೆ ಮಲಗಲು ಕೋಣೆ ಕೊಡಬೇಕು ಎಲ್ಲವೂ ಬಾಯಿಪಾಠ. ಪಾಸ್‌ಪೋರ್ಟಿನ ಅವಧಿ, ವಾಪಸು ಬರುವ ಟಿಕೆಟ್, ಉಳಿದುಕೊಳ್ಳುವ ವಿಳಾಸ, ನಾದಿನಿಯ ಆಹ್ವಾನ ಪತ್ರ, ಅಪ್ಪ ಜೊತೆಗಿಲ್ಲದ ಮಗುವಿಗೆ ಅಪ್ಪನ ಒಪ್ಪಿಗೆ ಪತ್ರ ಎಲ್ಲ ಸೇರಿ ಫೈಲು ದಿಂಬಿನಷ್ಟು ಊದಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ನಿಂತಲ್ಲೇ ಜಗಳ ಆಡಲಾದೀತೇ ಎಂದು ಯೋಚಿಸಿ, ಆಗಬಹುದಾದ ಅನ್ಯಾಯಗಳಿಗೆಲ್ಲ ಮೊದಲೇ ಇಂಗ್ಲಿಷಿನಲ್ಲಿ ಒಂದೊಂದು ದೂರು ಟೈಪ್ ಮಾಡಿ, ಪ್ರಯಾಣದ ತಾರೀಕು ಹಾಕಿ, ಸಹಿಯನ್ನೂ ಜಡಿದಿಟ್ಟಳು. ಒಂದನೆಯದು ವಿಮಾನ ತಡವಾದದ್ದಕ್ಕೆ. ಎರಡನೆಯದು ಸಾಮಾನು ಕಳೆದದ್ದಕ್ಕೆ. ಮೂರನೆಯದು ಟಿಕೆಟ್ ಇದ್ದೂ ಹತ್ತಿಸದಿದ್ದದ್ದಕ್ಕೆ. ನಾಲ್ಕನೆಯದು ದೇಶದೊಳಕ್ಕೇ ಬಿಡದಿದ್ದದ್ದಕ್ಕೆ. ಐದನೆಯದನ್ನು ಯಾರಿಗೂ ತೋರಿಸಲಿಲ್ಲ.

ಗಂಡ ಫೈಲು ತೂಗಿ ನೋಡಿದ. "ಜಗಳಕ್ಕೂ ಅಡ್ವಾನ್ಸ್ ಬುಕಿಂಗೇನೇ?"

"ನೀವು ಸುಮ್ನಿರಿ. ಬರೋರೇ ಅಲ್ಲ, ಮಾತಾಡೋಕೆ ಮಾತ್ರ ಮುಂದೆ."

ಆಮೇಲೆ ಅತ್ತೆಗೆ ತರಬೇತಿ. ಊಟದ ಮೇಜೇ ಅಧಿಕಾರಿಯ ಕಿಟಕಿ, ಸೊಸೆಯೇ ಅಧಿಕಾರಿ. ಎಷ್ಟು ದಿನ, ಎಲ್ಲಿ, ಯಾಕೆ ಎಂದು ದಿನಕ್ಕೆರಡು ಹೊತ್ತು ವಿಚಾರಣೆ ನಡೆಯಿತು. ಮೊಮ್ಮಗು ನೋಡಿಕೊಳ್ಳಲು ಬಂದೆ ಅಂತ ಮಾತ್ರ ಅಪ್ಪಿತಪ್ಪಿಯೂ ಅನ್ನಬೇಡಿ, ಕೆಲಸಕ್ಕೆ ಬಂದಿದ್ದೀರಿ ಅಂದುಕೊಂಡುಬಿಟ್ಟಾರು ಎಂದು ನೂರು ಸಲ ಹೇಳಿದ್ದಾಯಿತು. ಅಂಚೆ ಕಚೇರಿಯ ಕೌಂಟರಿನ ಹಿಂದೆ ಮೂವತ್ತೊಂದು ವರ್ಷ ಕೂತು ನಿವೃತ್ತರಾದ ಅತ್ತೆ ಬೀನ್ಸ್ ಸೋಸುತ್ತಾ ಹೂಂ ಅಂದರು.

ವಿಮಾನ ನಾಲ್ಕು ಗಂಟೆ ತಡವಾಯಿತು. ಬೆಳಿಗ್ಗೆ ಎಂಟಕ್ಕೆ ಇಳಿಯಬೇಕಾದವರು ಇಳಿಯುವುದು ಹನ್ನೆರಡಕ್ಕೆ. ಆಪರೇಷನ್ ಮೂರು ಗಂಟೆಗೆ. ಅತ್ತೆಯ ಮುಖ ಸಣ್ಣಗಾಯಿತು. ಸೊಸೆಯ ಕೈ ಆಗಲೇ ಫೈಲಿನೊಳಗಿತ್ತು. ಒಂದನೇ ನಂಬರಿನ ದೂರನ್ನು ಸೆಳೆದು ಯುದ್ಧಕ್ಕೆ ಹೊರಟವಳಂತೆ ನಡೆದು ವಿಮಾನ ಕಂಪನಿಯ ಮೇಜಿನ ಮೇಲಿಟ್ಟಳು. ಅಲ್ಲಿದ್ದ ಹುಡುಗಿ ಅದನ್ನು ಓದದೆಯೇ ಮೂರು ಊಟದ ಚೀಟಿ ಕೊಟ್ಟಳು. ಆ ಚೀಟಿಯನ್ನು ಅವಳು ಸಾಲಿನಲ್ಲಿದ್ದ ಎಲ್ಲರಿಗೂ ಕೊಡುತ್ತಿದ್ದಳು ಎಂಬುದು ಬೇರೆ ಮಾತು. ಸೊಸೆ ಗೆದ್ದ ಖುಷಿಯಲ್ಲಿ ಕಾಗದಗಳನ್ನೆಲ್ಲ ಹೇಗೆ ಬಂತೋ ಹಾಗೆ ಫೈಲಿಗೆ ತುರುಕಿದಳು. ಎಡವಟ್ಟಾದದ್ದು ಅಲ್ಲೇ.

ಇಳಿದ ಮೇಲೆ ಉದ್ದನೆಯ ಸಾಲು. ಗಾಜಿನ ಕಿಟಕಿಯ ಹಿಂದಿನ ಅಧಿಕಾರಿ ಪಾಸ್‌ಪೋರ್ಟು ನೋಡಿ, ಆಹ್ವಾನ ಪತ್ರ ಇದೆಯೇ ಎಂದು ಸಭ್ಯವಾಗಿಯೇ ಇಂಗ್ಲಿಷಿನಲ್ಲಿ ಕೇಳಿದ. ಪುಟ್ಟಿ ಒಂದು ಕೈಯಲ್ಲಿ ಅಮ್ಮನ ಕಿವಿಯೋಲೆ, ಇನ್ನೊಂದರಲ್ಲಿ ಜಡೆ ಜಗ್ಗುತ್ತಿದ್ದಳು. ಸೊಸೆ ಕೈಗೆ ಸಿಕ್ಕ ಕಾಗದವನ್ನು ಕಿಟಕಿಯೊಳಗೆ ತಳ್ಳಿದಳು.

ಅಧಿಕಾರಿ ಓದಿದ. ಮತ್ತೊಮ್ಮೆ ಓದಿದ. 'ಮಾನ್ಯರೇ, ತಾವು ಇಂದು ನನ್ನನ್ನೂ, ನನ್ನ ವೃದ್ಧ ಅತ್ತೆಯನ್ನೂ, ಏನೂ ಅರಿಯದ ಹಸುಗೂಸನ್ನೂ ಸಕಾರಣವಿಲ್ಲದೆ ತಡೆದು ನಿಲ್ಲಿಸಿ, ಕಲ್ಲೂ ಕರಗುವ ನಮ್ಮ ಕಣ್ಣೀರಿಗೆ ಕರಗದೆ...'

"ನಾನು ಇನ್ನೂ ಏನೂ ಮಾಡಿಲ್ಲವಲ್ಲ ಮೇಡಂ?"

"ಇಲ್ಲ ಸರ್. ಅದು... ಮಾಡಿದ್ರೆ ಅಂತ."

"ಮಾಡ್ತೀನಿ ಅಂತ ಯಾಕೆ ಅನ್ನಿಸ್ತು?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಆದರೆ ಹೆದರಿದ ಸೊಸೆಯ ಬಾಯಿ ಒಡೆದ ನಲ್ಲಿ. ನಾವು ಕೆಲಸಕ್ಕೆ ಬಂದವರಲ್ಲ, ಅತ್ತೆ ಖಂಡಿತ ಮಗು ನೋಡಿಕೊಳ್ಳುವುದಿಲ್ಲ, ಮುಟ್ಟುವುದೂ ಇಲ್ಲ, ಅಡುಗೆ ಅಂತೂ ಕೇಳಲೇಬೇಡಿ ಎಂದು ಅವನು ಕೇಳದ ಪ್ರಶ್ನೆಗಳಿಗೆಲ್ಲ ಉತ್ತರ ಸುರಿಸಿದಳು. ಅಧಿಕಾರಿ ಫೋನ್ ಎತ್ತಿದ. ಮೂವರನ್ನೂ ಪಕ್ಕದ ಕೋಣೆಗೆ ಕರೆದೊಯ್ದರು.

ನಾಲ್ಕು ಕುರ್ಚಿ, ಒಂದು ಗೋಡೆ ಗಡಿಯಾರ. ಒಂದೂ ಕಾಲು. ಒಂದೂವರೆ. ಆಸ್ಪತ್ರೆಗೆ ಅಲ್ಲಿಂದ ಮುಕ್ಕಾಲು ಗಂಟೆ ದಾರಿ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಬೈದಿದ್ದರೂ ಎಷ್ಟೋ ವಾಸಿ ಅನ್ನಿಸಿತು ಸೊಸೆಗೆ.

"ಅತ್ತೆ, ನನ್ನಿಂದಾನೇ..." ಎನ್ನುತ್ತಾ ಸೊಸೆ ಫೈಲಿನ ಕಾಗದಗಳನ್ನು ಮತ್ತೆ ಜೋಡಿಸತೊಡಗಿದಳು.

ಒಂದೂ ನಲವತ್ತಕ್ಕೆ ಹಿರಿಯ ಅಧಿಕಾರಿಣಿ ಬಂದಳು. ಸೊಸೆ ಫೈಲು ಹಿಡಿದು ಏಳಹೊರಟಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿ ತಾವೇ ಎದ್ದರು. ಕೌಂಟರಿನ ಆಚೆ ಬದಿಯನ್ನು ಮೂವತ್ತೊಂದು ವರ್ಷ ಕಂಡವರು. ಸಾಲಿನಲ್ಲಿ ನಿಂತವರ ಯಾವ ಮಾತು ಒಳಗಿನವರಿಗೆ ಬೇಕು, ಯಾವುದು ಬೇಡ ಎಂದು ಬಲ್ಲವರು.

ಯಾಕೆ ಬಂದಿರಿ ಎಂಬ ಪ್ರಶ್ನೆಗೆ ಅತ್ತೆ ತಮ್ಮ ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಮಗಳಿಗೆ ಮೂರು ಗಂಟೆಗೆ ಆಪರೇಷನ್. ಅದಕ್ಕೆ ಮುಂಚೆ ಅವಳ ಮುಖ ನೋಡಬೇಕು."

"ಹಾಗಾದ್ರೆ ಈ ದೂರು?"

"ನನ್ನ ಸೊಸೇದು. ಹೆದರಿದಾಗ ಕೆಲವರು ಕೂಗ್ತಾರೆ. ಇವಳು ಬರೀತಾಳೆ."

ಅಧಿಕಾರಿಣಿ ಫೈಲು ಕೇಳಿ ತೆಗೆದುಕೊಂಡಳು. ಆಹ್ವಾನ ಪತ್ರ, ವಾಪಸು ಟಿಕೆಟ್, ಒಪ್ಪಿಗೆ ಪತ್ರ ಎಲ್ಲ ಸರಿಯಾಗೇ ಸಿಕ್ಕವು. ಜೊತೆಗೆ ಐದನೇ ದೂರೂ ಸಿಕ್ಕಿತು. ಅದು ಆಸ್ಪತ್ರೆಯವರಿಗೆ, ಹುಟ್ಟಿದ ಮಗುವನ್ನು ಅದಲುಬದಲು ಮಾಡಿದ್ದಕ್ಕೆ. ಇನ್ನೂ ಹುಟ್ಟದೇ ಇರುವ ಮಗುವಿನ ಕುರಿತ ಆ ದೂರನ್ನು ಓದುತ್ತಾ ಅವಳ ತುಟಿ ಅದುರಿತು, ಆಮೇಲೆ ನಗುವಿಗೆ ಭುಜ ಕುಣಿಯಿತು. ತನಗೂ ಎರಡು ಮಕ್ಕಳು ಎಂದಷ್ಟೇ ಹೇಳಿ, ಕಣ್ಣೊರೆಸಿಕೊಂಡು, ಮೂರು ಪಾಸ್‌ಪೋರ್ಟಿಗೂ ಟಪಟಪನೆ ಮುದ್ರೆ ಒತ್ತಿದಳು.

ಟ್ಯಾಕ್ಸಿ ಆಸ್ಪತ್ರೆ ಮುಟ್ಟಿದಾಗ ಎರಡೂ ಐವತ್ತು. ಗಾಲಿಮಂಚದ ಮೇಲೆ ಹಸಿರು ಟೋಪಿ ಹಾಕಿಕೊಂಡು ಮಲಗಿದ್ದ ನಾದಿನಿ ಅಮ್ಮನನ್ನು ಕಂಡದ್ದೇ ಬಿಕ್ಕಿದಳು. ಅತ್ತೆ ಓಡಿಹೋಗಿ ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡರು. ಮಂಚ ಉರುಳಿ ಬಾಗಿಲು ಮುಚ್ಚುವವರೆಗೂ ಬಿಡಲಿಲ್ಲ.

ಆಗಲೇ ಅತ್ತೆಯ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು, ಸೊಸೆಯೇ ತೆಗೆದಳು. ಇವಳು ಹಲೋ ಅನ್ನಲೂ ಬಿಡದೆ ಆ ಕಡೆಯಿಂದ ಗಂಡ ಒಂದೇ ಉಸಿರಿಗೆ ಕೇಳಿದ:

"ಅಮ್ಮಾ, ಅಂತೂ ಅವಳನ್ನ ದೇಶದೊಳಗೆ ಬಿಟ್ರಾ?"

ಸೊಸೆ ಮೆಲ್ಲಗೆ ಅಂದಳು:

"ಬಿಟ್ರು ರೀ. ಅತ್ತೆ ಜೊತೆಗಿದ್ರಲ್ಲ."